ಚುಕ್ಕಿಗೊಂದು ಉಲ್ಟಾ ಗೆರೆ

ಕಡಕೊಳದ ನಮ್ಮ ಕಾರ್ಖಾನೆಯ ಆಫೀಸಿನಲ್ಲಿ ಕಪ್ಪು ತೆರೆಯ ಹಳೇ ಎಡಿಟರ್ ಸಾಫ್ಟ್‌ವೇರು ಬಳಸುವವಳು ನಾನೊಬ್ಬಳೇ. ಮೌಸ್ ಬೇಡ, ಮೆನು ಬೇಡ. ಒಂದು ಸಾಲು ಆಜ್ಞೆ ಕೊಟ್ಟರೆ ಸಾವಿರ ಸಾಲು ಸರಿಹೋಗುತ್ತದೆ. ಮಿಕ್ಕವರು ಎಕ್ಸೆಲ್‌ನಲ್ಲಿ ತಿಣುಕುವಾಗ ನಾನು ಕಾಫಿ ಕುಡಿಯುತ್ತಿರುತ್ತೇನೆ. ಜಂಬ ಅಂತೀರಾ? ಅನ್ನಿ, ಕೆಲಸ ಬರುತ್ತದಲ್ಲ.

ಅವತ್ತು ಕಾಯಂ ಆಗುವ ಕೆಲಸಗಾರರ ಪಟ್ಟಿಯನ್ನು ಸಂಜೆಯೊಳಗೆ ಹೆಡ್ ಆಫೀಸಿಗೆ ಕಳಿಸಬೇಕಿತ್ತು. ಅಲ್ಲಿನ ಸಾಫ್ಟ್‌ವೇರು ಹೆಸರಿನಲ್ಲಿ ಚುಕ್ಕಿ ಇದ್ದರೆ ಒಪ್ಪುವುದಿಲ್ಲ. ನಮ್ಮ ಕಡೆ ಇನಿಶಿಯಲ್ ಇಲ್ಲದ ಹೆಸರುಂಟೇ? ಊರಿಗೊಂದು, ಅಪ್ಪನಿಗೊಂದು, ಪಟ್ಟಿ ತುಂಬ ಚುಕ್ಕಿಯೇ.

ಪ್ಯಾಕಿಂಗ್ ವಿಭಾಗದ ಹೆಂಗಸೊಬ್ಬರು ನನ್ನ ಬೆನ್ನ ಹಿಂದೆ ನಿಂತಿದ್ದರು. ಇಲವಾಲದಿಂದ ಎರಡು ಬಸ್ಸು ಬದಲಿಸಿ ಬರುವವರು, ಎಂಟು ವರ್ಷದಿಂದ ಟೆಂಪರರಿ. ಹಿಂದೆ ಎರಡು ಸಲ ಹೆಸರು ಬಿಟ್ಟುಹೋಗಿ, ಕೈಗೆ ಬಂದ ತುತ್ತು ಬಾಯಿಗೆ ಬಂದಿರಲಿಲ್ಲ. ಟೆಂಪರರಿಯವರನ್ನು ನಮ್ಮಲ್ಲಿ ಹೆಸರು ಹಿಡಿದು ಕರೆಯುವ ರೂಢಿಯೂ ಇಲ್ಲ. "ಯಾರಾದ್ರೂ ಒಬ್ರು ಬನ್ರಮ್ಮಾ" ಅಂದರೆ ಮುಗಿಯಿತು. ಈ ಸಲ ಪಟ್ಟಿ ಕಳಿಸುವುದನ್ನು ಕಣ್ಣಾರೆ ನೋಡಿಯೇ ಹೋಗುತ್ತೇನೆ ಅಂದಿದ್ದರು.

"ಎರಡು ನಿಮಿಷ ಕಣಮ್ಮ" ಎಂದೆ. ಯಾರಾದರೂ ನೋಡುತ್ತಿದ್ದರೆ ನನ್ನ ಬೆರಳು ಇನ್ನೂ ಜೋರು. ಚುಕ್ಕಿಗಳನ್ನೆಲ್ಲ ಅಳಿಸು ಅಂತ :%s/.//g ಹೊಡೆದು ಎಂಟರ್ ಒತ್ತಿದೆ. ತೆರೆ ಬಟಾಬಯಲು! ಒಂದಕ್ಷರವೂ ಉಳಿಯಲಿಲ್ಲ.

"ನನ್ನೆಸ್ರು ಎಲ್ಲೋಯ್ತು ಮೇಡಂ?"

ನನ್ನ ಜಂಬವೆಲ್ಲ ಇಳಿಯಿತು. ತಪ್ಪು ಗೊತ್ತಾಯಿತು, ದಾರಿಯೂ ಗೊತ್ತಿತ್ತು. ಮಾಡಿದ್ದನ್ನು ರದ್ದುಮಾಡುವ u ಒತ್ತಿದೆ, ಹೆಸರುಗಳೆಲ್ಲ ವಾಪಸ್ ಬಂದವು. ಈ ಸಲ ಚುಕ್ಕಿಗೆ ಮುಂಚೆ \ ಅನ್ನುವ ಉಲ್ಟಾ ಗೆರೆ ಹಾಕಿದೆ. ಚುಕ್ಕಿಗಳಷ್ಟೇ ಹೋದವು.

"ಆ ಗೆರೆ ಏನ್ಮಾಡ್ತು ಮೇಡಂ?"

"ಇದ್ರಲ್ಲಿ ಬರೀ ಚುಕ್ಕಿ ಇಟ್ರೆ, ಯಾವ ಅಕ್ಷರ ಆದ್ರೂ ಸರಿ ಅಂತ ಅರ್ಥ ಕಣಮ್ಮ. ಅದಕ್ಕೇ ಎಲ್ಲಾ ಅಳಿಸಿಹೋಯ್ತು. ಮುಂಚೆ ಗೆರೆ ಹಾಕಿದ್ರೆ, ಚುಕ್ಕಿ ಅಂದ್ರೆ ಚುಕ್ಕೀನೇ. ಬೇರೆ ಯಾವ್ದೂ ಅಲ್ಲ."

ಅವರು ಬಗ್ಗಿ, ತೆರೆಯ ಮೇಲೆ ತಮ್ಮ ಹೆಸರಿದ್ದ ಸಾಲಿಗೆ ಬೆರಳಿಟ್ಟರು.

"ಅಂಗಾದ್ರೆ ನನ್ನೆಸ್ರಿಗೂ ಒಂದು ಆಕ್ಬುಡಿ ಮೇಡಂ."

ಪಟ್ಟಿಯಲ್ಲಿ ಗೆರೆ ಹಾಕಿದರೆ ಪಟ್ಟಿಯೇ ಕೆಡುತ್ತದೆ. ಅದರ ಬದಲು ಅವರ ಹೆಸರನ್ನು ಇನಿಶಿಯಲ್ ಸಮೇತ, ಇಡೀ ಆಫೀಸಿಗೆ ಕೇಳುವಂತೆ ಓದಿ, ಪಟ್ಟಿ ಕಳಿಸಿದೆ.