ಬಿಲ್ಲು ಹಾಜರುಪಡಿಸತಕ್ಕದ್ದು

ಕಾಕಾನ ಎಡಗೈಯಲ್ಲಿ ಎರಡೇ ಬೆರಳು ಉಳಿದಿದ್ದವು, ಹೆಬ್ಬೆರಳು ಮತ್ತು ಕಿರುಬೆರಳು. ನಡುವಿನ ಮೂರೂ ದೊಡ್ಡ ಯುದ್ಧದ ಕಾಲಕ್ಕೆ ಬರ್ಮಾದ ಯಾವುದೋ ಕಾಡಿನಲ್ಲಿ ಹೋಗಿದ್ದವು. ಉಳಿದೆರಡರ ನಡುವೆ ಪುಂಡಿಯ ನಾರು ಹಿಡಿದು, ಬಲಗೈಯಿಂದ ತೊಡೆಯ ಮೇಲೆ ಹೊಸೆಯುತ್ತ ಕೂತರೆಂದರೆ ಹತ್ತು ಬೆರಳಿದ್ದವರು ನಾಚಬೇಕು, ಅಂಥ ಹುರಿ ಬರುತ್ತಿತ್ತು. ಹುರಿಗೆ ಜೇನುಮೇಣ ತಿಕ್ಕುವುದು, ಬಿಸಿಲಿಗೆ ಹಿಡಿಯುವುದು, ಮತ್ತೆ ತಿಕ್ಕುವುದು, ಕೊನೆಗೆ ಹಲ್ಲಿನಲ್ಲಿ ಕಚ್ಚಿ ಜಗ್ಗಿ ನೋಡುವುದು. ಅದು ಅವರ ಅಡ್ಡಬಿಲ್ಲಿನ ಹೆದೆ.

ಕಾಕಾ ಎಂದು ಕರೆಯುತ್ತಿದ್ದೆನಾದರೂ ಅವರು ನನ್ನ ತಂದೆಯ ತಮ್ಮನಲ್ಲ. ಕಳ್ಳಕವಟಗಿಯಲ್ಲಿ ನಮ್ಮ ಹೊಲಕ್ಕೂ ಅವರ ಹೊಲಕ್ಕೂ ನಡುವೆ ಇದ್ದದ್ದು ಒಂದೇ ಬದು. ತಂದೆ ತೀರಿಕೊಂಡ ಮೇಲೆ ನನ್ನ ಅವ್ವ ಒಬ್ಬಳೇ ಹೊಲ ನೋಡಬೇಕಾಯಿತು. ಆವತ್ತಿನಿಂದ ಕಾಕಾ ಆ ಬದುವನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. ಎರಡೂ ಹೊಲ ಕಾದರು. ಅವ್ವನ ಎದುರು ಕೂತು, ಹುಡುಗನನ್ನು ವಿಜಾಪುರಕ್ಕೆ ಸಾಲಿಗೆ ಕಳಿಸಲೇಬೇಕು ಎಂದು ಹಟ ಹಿಡಿದವರೂ ಅವರೇ. ನಾನು ಮ್ಯಾಟ್ರಿಕ್ ಪಾಸಾಗಿ ವಿಜಾಪುರದ ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತನಾದೆ. ಆ ಕಚೇರಿಯ ಹೆಸರು ಹೇಳುವುದಿಲ್ಲ. ಹೇಳಿದರೆ ಸಿಟ್ಟೆಲ್ಲ ಅದರ ಗೋಡೆಗಳ ಮೇಲೆ ಹೋಗುತ್ತದೆ, ಮನುಷ್ಯರು ತಪ್ಪಿಸಿಕೊಳ್ಳುತ್ತಾರೆ. ಕಾಲ ಕಳೆದಂತೆ ಸಿಟ್ಟು ಆರುತ್ತದೆ ಅನ್ನುವವರ ಮಾತನ್ನು ನಾನು ನಂಬುವುದಿಲ್ಲ. ನಾನು ಮುದುಕನಾದೆ, ನನ್ನದು ಆರಿಲ್ಲ.

ಅಡ್ಡಬಿಲ್ಲನ್ನು ನಮ್ಮ ಕಡೆ ಯಾರೂ ಕಂಡಿರಲಿಲ್ಲ. ಬಂದೂಕಿನ ಹಾಗೆ ಹೆಗಲಿಗೆ ಆನಿಸುವ ಒಂದು ದಿಂಡು, ಅದರ ಮೂತಿಗೆ ಅಡ್ಡಲಾಗಿ ಕೂರಿಸಿದ ಬಿಲ್ಲು. ಬಿಲ್ಲನ್ನು ನೆಲಕ್ಕೆ ಇಟ್ಟು ಎರಡೂ ಪಾದದಿಂದ ಮೆಟ್ಟಿ ಹೆದೆ ಎಳೆದು ಕೊಕ್ಕೆಗೆ ಸಿಗಿಸಿದರೆ, ಮುಂದೆ ಒಂದೇ ಬೆರಳಿನ ಕೆಲಸ. ಬರ್ಮಾದ ಗುಡ್ಡದ ಜನರ ಕೈಯಲ್ಲಿ ಅದನ್ನು ಕಂಡು ಬಂದಿದ್ದ ಕಾಕಾ ಊರಿಗೆ ಬಂದ ಮೇಲೆ ತಾವೇ ಮಾಡಿಕೊಂಡರು. ದಿಂಡಿಗೆ ಜಾಲಿ ಕಟ್ಟಿಗೆ, ಬಿಲ್ಲಿಗೆ ಹಳೇ ಮೋಟಾರಿನ ಕಮಾನ್ ಪಾಟಾ, ಕೊಕ್ಕೆಗೆ ಎಮ್ಮೆಯ ಕೊಂಬು. ಬಾಣದ ಮೊನೆಗಳನ್ನು ಬಬಲೇಶ್ವರದ ಕಮ್ಮಾರನ ಮುಂದೆ ಇಡೀ ದಿನ ಕೂತು ಬಡಿಸಿಕೊಂಡು ಬಂದಿದ್ದರು. ಎರಡು ವರ್ಷ ಹಿಡಿಯಿತು. ಎರಡು ಬೆರಳಿನವನಿಗೆ ಕೈಬಿಲ್ಲು ಒಲಿಯುವುದಿಲ್ಲ, ಬಂದೂಕಿನ ಸಪ್ಪಳ ಪಲ್ಟಣದಲ್ಲಿ ಕೇಳಿದ್ದು ಸಾಕಾಗಿದೆ ಅನ್ನುತ್ತಿದ್ದರು.

ಇದೆಲ್ಲ ಚಿಗರಿಗಳ ಸಲುವಾಗಿ. ಪುಸ್ತಕದವರು ಕೃಷ್ಣಮೃಗ ಅನ್ನುವ ಪ್ರಾಣಿ ನಮ್ಮ ಮಡ್ಡಿಯಲ್ಲಿ, ಊರಾಚೆಯ ಬರಡು ದಿಬ್ಬದಲ್ಲಿ, ಆಗ ಹಿಂಡು ಹಿಂಡಾಗಿ ಇತ್ತು. ಹಿಂಗಾರಿ ಬಿಳಿಜೋಳ ಮೊಳೆತು ಎರಡೆಲೆ ಬಿಟ್ಟ ವಾರದಲ್ಲೇ ಹಿಂಡು ಇಳಿಯುತ್ತಿತ್ತು. ಆಗ ಮೇಯ್ದರೆ ಹೊಲ ಮತ್ತೆ ಏಳುವುದಿಲ್ಲ. ಅದೇ ವಾರದಲ್ಲಿ ಒಂದು ಹೋರಿ, ಅಂದರೆ ಗಂಡು ಚಿಗರಿ, ಬಿದ್ದರೆ ಹಿಂಡು ಮಡ್ಡಿ ಏರಿಬಿಡುತ್ತದೆ ಎಂಬುದು ಕಾಕಾನ ಅನುಭವ. ಒಂದೇ ಹೋರಿ, ಹಂಗಾಮಿನ ಮೊದಲಲ್ಲೇ. ಎರಡನೆಯದಕ್ಕೆ ಅವರು ಬಾಣ ಹೂಡಿದ್ದನ್ನು ನಾನು ಕಾಣೆ. ಹೆಣ್ಣಿಗಂತೂ ಕೇಳಲೇಬೇಡಿ.

ಆ ಒಂದು ಬಾಣಕ್ಕೆ ಶ್ರಾವಣದಿಂದ ತಯಾರಿ. ಬೇವಿನ ಗಿಡಕ್ಕೆ ಹೊಟ್ಟು ತುಂಬಿದ ಗೋಣಿಚೀಲ ತೂಗುಬಿಟ್ಟು, ಗಾಳಿಗೆ ಅದು ಓಲಾಡುವಾಗ ಇಪ್ಪತ್ತೈದು ಹೆಜ್ಜೆಯಿಂದ ಹೊಡೆಯುತ್ತಿದ್ದರು. ಇಪ್ಪತ್ತಾರಕ್ಕೆ ಒಪ್ಪುತ್ತಿರಲಿಲ್ಲ. ಒಂದೇ ಕರಿಕಂಬಳಿ ಹೊದ್ದು ದಿನಾ ಬೆಳಿಗ್ಗೆ ಅದೇ ದಾರಿಯಲ್ಲಿ ಹೊಲ ಸುತ್ತುತ್ತಿದ್ದರು, ಹಿಂಡಿಗೆ ಕಂಬಳಿಯ ರೂಢಿಯಾಗಲಿ ಎಂದು. ತಂಬಾಕು ಬಿಡುತ್ತಿದ್ದರು. ಇವರ ಬಾಯಿ ವಾಸನೆ ಹೋಗುವುದು ವರ್ಷಕ್ಕೆ ಇದೊಂದೇ ತಿಂಗಳು, ಅದೂ ನನಗಲ್ಲ, ಚಿಗರಿಗೆ ಎಂದು ಕಾಕಾನ ಹೆಂಡತಿ ಕಾಕು ನಗುತ್ತಿದ್ದಳು. ಮಹಾನವಮಿಗೆ ಕೂರಿಗೆ, ಕುಡಗೋಲಿನ ಸಾಲಿನಲ್ಲಿ ಬಿಲ್ಲಿಗೂ ಪೂಜೆ. ಪೂಜೆಗೆ ಹೆದೆ ಏರಿಸಿ, ಮುಗಿದ ಕೂಡಲೇ ಇಳಿಸಿ, ಸುತ್ತಿ ಕಿಸೆಗೆ ಹಾಕಿಕೊಳ್ಳುತ್ತಿದ್ದರು.

ಅಷ್ಟು ಹತ್ತಿರ ಯಾಕೆ, ಬಾಣ ಇನ್ನೂ ದೂರ ಹೋಗುತ್ತದಲ್ಲ ಎಂದು ಒಮ್ಮೆ ಕೇಳಿದ್ದೆ.

"ನೂರು ಹೆಜ್ಜಿಯಿಂದ ಹೊಡಿಯಾಂವ ಬ್ಯಾಟಿಗಾರ ಅಲ್ಲ ತಮ್ಮಾ, ಅಂವ ನಶೀಬ ನೋಡಾಂವ," ಅಂದರು.

ಒಂದು ವರ್ಷ ಅವರ ಬಾಣವೂ ತಪ್ಪಿತು. ಹೋರಿ ತಟ್ಟನೆ ತಿರುಗಿದ್ದರಿಂದ ಬಾಣ ತೊಡೆಗೆ ನೆಟ್ಟಿತು, ಪ್ರಾಣಿ ಓಡಿಹೋಯಿತು. ಹೋದರೆ ಹೋಗಲಿ, ಹೇಗೂ ಹಿಂಡು ಮಡ್ಡಿ ಏರಿತಲ್ಲ ಎಂದು ಜನ ಹೇಳಿದರು. ಕಾಕಾ ಕೇಳಲಿಲ್ಲ. ರಕ್ತದ ಹನಿ ಹುಡುಕುತ್ತ ಒಂದೂವರೆ ದಿನ ನಡೆದು ಕನಮಡಿಯ ಆಚೆ ಅದನ್ನು ಕಂಡು, ಅದರ ನೋವು ಮುಗಿಸಿ, ಹೆಗಲ ಮೇಲೆ ಹೊತ್ತು ಬಂದರು. ಆ ಮಾಂಸವನ್ನು ತಾವು ಮುಟ್ಟಲಿಲ್ಲ. ಮರುವರ್ಷ ಇಪ್ಪತ್ತೈದು ಹೆಜ್ಜೆ ಇಪ್ಪತ್ತಕ್ಕೆ ಇಳಿಯಿತು. ಇಂಥ ಮನುಷ್ಯನಿಗೆ ಪರವಾನಗಿ ಕೊಡಬೇಕೋ ಬೇಡವೋ ಎಂದು ತೀರ್ಮಾನಿಸಲು ನಮ್ಮ ಕಚೇರಿ ಕೂತಿತು.

ನಮ್ಮ ಜಿಲ್ಲೆ ಮುಂಬಯಿ ಸರಕಾರದಿಂದ ಮೈಸೂರು ರಾಜ್ಯಕ್ಕೆ ಬಂದು ಐದಾರು ವರ್ಷವಾಗಿತ್ತು. ಕಚೇರಿಯ ಕನ್ನಡ ಬದಲಾಗುತ್ತಿತ್ತು. ಮೊದಲು ಮರಾಠಿ, ಇಂಗ್ಲಿಷಿನಲ್ಲಿ ಬರುತ್ತಿದ್ದ ಕಾಗದಗಳು ಈಗ ಕನ್ನಡದಲ್ಲೇ ಬಂದರೂ ನಮ್ಮ ಜನಕ್ಕೆ ಅಷ್ಟೇ ದೂರ. ಬೇಟೆಗೆ ಪರವಾನಗಿ ಬೇಕು ಎಂಬುದನ್ನು ಬಿಗಿ ಮಾಡಿದಾಗ ಕಾಕಾನ ಅರ್ಜಿ ನಾನೇ ಬರೆದುಕೊಟ್ಟೆ. ಹೊಸದಾಗಿ ಬಂದಿದ್ದ ಸಾಹೇಬರು ದಕ್ಷಿಣದವರು, ಚಿಗರಿ ಎಂದರೆ ಅವರಿಗೆ ತಿಳಿಯಲಿಲ್ಲ. ಅದು ಅವರ ತಪ್ಪಲ್ಲ. ನನ್ನ ಸಿಟ್ಟು ಅವ್ವಲ ಕಾರಕೂನರ ಮೇಲೆ. ಗುಮಾಸ್ತರ ತಲೆಯ ಮೇಲೆ ಕೂತ ಈ ಮನುಷ್ಯ ಇದೇ ಮಣ್ಣಿನಲ್ಲಿ ಹುಟ್ಟಿ, ಸಾಹೇಬರ ಎದುರು ಇದೇ ಮಣ್ಣಿನ ಮಾತು ಬಾರದವರಂತೆ ನಟಿಸುತ್ತಿದ್ದರು. ಆಯುಧವನ್ನು ಎಲ್ಲಿ ಕೊಂಡದ್ದು, ಅದಕ್ಕೆ ದಾಖಲೆ ಬೇಕೆಂದು ಅವರು ಒಂದು ಕಾಗದ ಹೇಳಿ ಬರೆಸಿದರು. ಬರೆದುಕೊಂಡವನು ನಾನು. ಅದರ ಕೊನೆಯ ಸಾಲು ಹೀಗಿತ್ತು: ಸದರಿ ಆಯುಧದ ಬಿಲ್ಲನ್ನು ಖುದ್ದಾಗಿ ಹಾಜರುಪಡಿಸತಕ್ಕದ್ದು.

ಅಂಗಡಿಯವನು ಕೊಡುವ ಆ ಚೀಟಿಗೆ ನಮ್ಮ ಹಳ್ಳಿಗಳಲ್ಲಿ ಆಗ ಪಾವತಿ ಎಂಬುದೇ ಮಾತು. ಬಿಲ್ಲು ಅಂದರೆ ಬಿಲ್ಲು. ನನ್ನ ಲೇಖನಿ ನಿಂತಿತು. ಪಾವತಿ ಎಂದು ಬರೆಯಲೇನ್ರಿ ಎಂದು ಕೇಳಿದೆ. ಹೇಳಿದ್ದಷ್ಟು ಬರಿ ಎಂದು ಗದರಿದರು. ನಾನು ಹಂಗಾಮಿ ನೌಕರ. ಹೇಳಿದ್ದಷ್ಟು ಬರೆದೆ. ಊರಿನ ಯಾರ ಕೈಯಲ್ಲಾದರೂ ಒಂದು ಮಾತು ಹೇಳಿ ಕಳಿಸಬಹುದಿತ್ತು, ದಿನಾ ಟಿಕೋಟಾ ಬಸ್ಸು ಇತ್ತು. ಕಾಕಾ ಬಂದರೆ ಮೊದಲು ನನ್ನನ್ನೇ ಕೇಳುತ್ತಾರೆ ಎಂದು ಸುಮ್ಮನಾದೆ.

ಕೇಳಲಿಲ್ಲ. ಕಳ್ಳಕವಟಗಿಯಿಂದ ಟಿಕೋಟಾಕ್ಕೆ ನಡೆದು, ಅಲ್ಲಿಂದ ಬಸ್ಸು ಹತ್ತಿ, ಪಲ್ಟಣದ ಹಳೇ ಕೋಟು ತೊಟ್ಟು ನೆಟ್ಟಗೆ ಸಾಹೇಬರ ಕೋಣೆಗೆ ಹೋದರು. ನನ್ನ ಮೇಜು ಆ ಬಾಗಿಲಿನ ಪಕ್ಕದಲ್ಲೇ ಇತ್ತು. ಸೆಲ್ಯೂಟ್ ಹೊಡೆದರು. ಬಿಳಿ ಧೋತರದ ಗಂಟು ಬಿಚ್ಚಿ, ಬಿಲ್ಲು ತೆಗೆದು, ಅರೆಬರೆ ತೋರಿಸಬಾರದು ಎಂದು ಹೆದೆಯನ್ನೂ ಏರಿಸಿ ಮೇಜಿನ ಮೇಲೆ ಇಟ್ಟರು. ಬಾಣ ತರಬೇಕೆಂದು ಕಾಗದದಲ್ಲಿ ಇರಲಿಲ್ಲ, ಆದ್ದರಿಂದ ತಂದಿರಲಿಲ್ಲ. ಸಾಹೇಬರು ಕುರ್ಚಿ ಸಮೇತ ಹಿಂದೆ ಸರಿದರು.

"ಏನಯ್ಯಾ ಇದು? ಕಚೇರಿ ಒಳಗೆ ಆಯುಧ ತಂದಿದ್ದೀಯಲ್ಲ?"

"ತರಾಕ ಹೇಳಿದ್ರಿ, ತಂದೇನ್ರಿ," ಎಂದು ಕಾಕಾ ಕಾಗದ ಮುಂದೆ ಹಿಡಿದರು.

ಅವ್ವಲ ಕಾರಕೂನರಿಗೆ ಆ ಗಳಿಗೆಯಲ್ಲೇ ಎಲ್ಲ ತಿಳಿಯಿತು. ಅವರ ಮುಖ ನೋಡಿದ ನಾನು ಇದಕ್ಕೆ ಸಾಕ್ಷಿ. ಸಾಹೇಬರ ಕಿವಿಯಲ್ಲಿ ಎರಡು ಮಾತು ಹೇಳಿದ್ದರೆ ಎಲ್ಲರೂ ನಕ್ಕು, ಕಾಕಾ ಬಿಲ್ಲು ಎತ್ತಿಕೊಂಡು ಮನೆಗೆ ಹೋಗಬಹುದಿತ್ತು. ಆದರೆ ಕಾಗದ ಬರೆಸಿದವರು ತಾವು ಎಂದು ಒಪ್ಪಬೇಕಾಗುತ್ತಿತ್ತು. ಅದಕ್ಕೆ ಬದಲಾಗಿ, ಪರವಾನಗಿ ಇಲ್ಲದ ಆಯುಧವನ್ನು ಸರಕಾರಿ ಕಚೇರಿಗೆ ನುಗ್ಗಿಸಿದ್ದಾನೆ, ಇಲ್ಲಿಯವರೇ ಯಾರೋ ಇವನಿಗೆ ಕುಮ್ಮಕ್ಕು ಕೊಟ್ಟಿರಬೇಕು, ಅಂಥವನು ನೌಕರಿಯಲ್ಲಿ ಇರಬಾರದು ಎಂದು ದನಿ ಏರಿಸಿದರು. ಸಾಹೇಬರು ಕಾಕಾನಿಗೆ, ಈ ಕಚೇರಿಯಲ್ಲಿ ನಿನಗೆ ಪರಿಚಯದವರು ಯಾರು ಎಂದು ಕೇಳಿದರು.

ಕಾಕಾನಿಗೆ ಬಂದ ಕಾಗದಗಳನ್ನೆಲ್ಲ ಓದಿ ಹೇಳಿ, ಉತ್ತರ ಬರೆದುಕೊಡುತ್ತಿದ್ದವನು ನಾನೇ. ನನ್ನ ಅಕ್ಷರ ಅವರಿಗೆ ನನ್ನ ಮುಖದಷ್ಟೇ ಗುರುತು. ಅವರು ನನ್ನ ಕಡೆ ತಿರುಗಲೂ ಇಲ್ಲ.

"ಯಾರೂ ಇಲ್ರಿ ಸಾಹೇಬ್ರ. ಇಲ್ಲಿ ನಂಗ ಒಬ್ರೂ ಗುರುತಿಲ್ರಿ."

ನಾನು ಎದ್ದು ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಎದುರಿಗಿದ್ದ ಕಾಗದದ ಮೇಲೆ ಏನೋ ಗೀಚುತ್ತ ಕೂತೆ. ಅವ್ವಲ ಕಾರಕೂನರನ್ನು ಇಷ್ಟು ಬೈದವನು ಇದನ್ನು ಮುಚ್ಚಿಟ್ಟರೆ ನಾಯಿಗಿಂತ ಕಡೆ.

ಬಿಲ್ಲು ಜಪ್ತಿಯಾಯಿತು. ಬರ್ಮಾದಿಂದ ಬದುಕಿ ಬಂದ ಸಿಪಾಯಿಯನ್ನು ಸಂಜೆಯವರೆಗೆ ಠಾಣೆಯ ಜಗಲಿಯಲ್ಲಿ ಕೂರಿಸಿ, ಆಮೇಲೆ ಬಿಟ್ಟರು. ನಾನು ಬಸ್ ಸ್ಟ್ಯಾಂಡಿಗೆ ಓಡಿದೆ, ಕಾಲಿಗೆ ಬೀಳಬೇಕೆಂದುಕೊಂಡೆ. ಅವರು ನನ್ನ ತೋಳು ಹಿಡಿದು ಪಕ್ಕಕ್ಕೆ ಕರೆದರು. ಬೈಯುತ್ತಾರೆ ಎಂದು ಕಾದೆ.

"ಹೆದಿ ಇಳಿಸ್ಯಾರೇನು ನೋಡು ತಮ್ಮಾ. ಹಂಗ ಬಿಗದ ಇಟ್ರ ಬಿಲ್ಲ ಸೋಲತೈತಿ."

ಇಳಿಸಿದ್ದಾರೆ ಎಂದು ಸುಳ್ಳು ಹೇಳಿದೆ. ಇಳಿಸಿರಲಿಲ್ಲ. ಜವಾನರು ಅದರಿಂದ ಗೆರೆ ಎಳೆಯುವ ರೂಳುದೊಣ್ಣೆ ಹಾರಿಸುತ್ತ ಆಡುತ್ತಿದ್ದರು.

ಪರವಾನಗಿ ಯಾರಿಗೆ ಸಿಕ್ಕಿತು ಎಂದು ಕೇಳಬೇಕಲ್ಲವೇ? ಬಂದೂಕು ಇದ್ದವರಿಗೆ, ಜೀಪು ಇದ್ದವರಿಗೆ. ಅವರ ಹತ್ತಿರ ಬಂದೂಕಿನ ಬಿಲ್ಲು ಇತ್ತಲ್ಲ. ಅದೇ ವರ್ಷ ದೀಪಾವಳಿಯ ಹಿಂದುಮುಂದು ಒಂದು ಮಧ್ಯಾಹ್ನ ಅವರು ನಮ್ಮ ಹೊಲಗಳಲ್ಲೇ ಜೀಪು ಹೊಡೆದರು. ಮೊಳೆತ ಜೋಳದ ಸಾಲುಗಳ ಮೇಲೆ ಗಾಲಿ ಹಾಯಿಸುತ್ತ, ಓಡುವ ಹಿಂಡಿಗೆ ಓಡುವ ಜೀಪಿನಿಂದ ಗುಂಡು. ಹೆಣ್ಣು ನೋಡಲಿಲ್ಲ, ಮರಿ ನೋಡಲಿಲ್ಲ. ಸತ್ತವನ್ನು ಹೇರಿಕೊಂಡು ಹೋದರು, ಕಾಲು ಮುರಿದವನ್ನು ಬಿಟ್ಟು ಹೋದರು. ಗಬ್ಬದ ಚಿಗರಿಯೊಂದು ನಮ್ಮ ಬದುವಿನ ಹತ್ತಿರ ಏಳಲಾರದೆ ಬಿದ್ದಿತ್ತಂತೆ. ಕಾಕಾ ಕುಡಗೋಲು ಕೈಯಲ್ಲಿ ಹಿಡಿದು ಅದರ ಪಕ್ಕದಲ್ಲಿ ಬಹಳ ಹೊತ್ತು ಕೂತಿದ್ದರೆಂದು ಅವ್ವ ಹೇಳಿದಳು. ಚಿಗರಿಗಳು ಈಗ ಕಾಣುವುದೇ ಅಪರೂಪ, ಅವನ್ನು ಕಾಯಲು ಕಾಯಿದೆ ಬಂದಿದೆ, ಬರಲೇಬೇಕಿತ್ತು. ಆದರೆ ಹಳ್ಳಿಯವರು ಬೇಟೆಯಾಡಿ ಮುಗಿಸಿದರು ಎಂದು ಯಾರಾದರೂ ಭಾಷಣದಲ್ಲಿ ಹೇಳಿದರೆ ನಾನು ಎದ್ದು ಜಗಳ ತೆಗೆಯುತ್ತೇನೆ. ಮನೆಯವರು ನನ್ನನ್ನು ಸಭೆಗಳಿಗೆ ಕರೆದುಕೊಂಡು ಹೋಗುವುದನ್ನೇ ಬಿಟ್ಟಿದ್ದಾರೆ.

ಬಿಲ್ಲು ಕಚೇರಿಯಿಂದ ಸಾಹೇಬರ ಬಂಗಲೆಯ ಗೋಡೆಗೆ ಹೋಯಿತು, ಅಲಂಕಾರಕ್ಕೆ. ಬಿಡಿಸಿಕೊಡಿರೆಂದು ನಾನು ಎರಡು ಅರ್ಜಿ ಬರೆದೆ, ಹೆಸರು ಹಾಕದೆ. ಹೆಸರಿಲ್ಲದ ಅರ್ಜಿಗೆ ಆಗುವ ಗತಿಯೇ ಆಯಿತು. ವರ್ಗವಾದಾಗ ಸಾಹೇಬರು ಸಾಮಾನಿನ ಜೊತೆ ಅದನ್ನೂ ಲಾರಿಗೆ ಹಾಕಿಸಿದರು. ಗೋಣಿತಟ್ಟು ಸುತ್ತಿ ಕಟ್ಟಿದವನು ನಾನೇ. ಕಟ್ಟುವಾಗ ಪಾಟಾ ಒಂದು ಕಡೆಗೆ ಸೊಟ್ಟಗಾಗಿರುವುದು ಕೈಗೆ ತಿಳಿಯಿತು.

ಕಾಕಾ ಇನ್ನೊಂದು ಬಿಲ್ಲು ಮಾಡಲಿಲ್ಲ. ಆಮೇಲಿನ ವರ್ಷಗಳಲ್ಲಿ ಸೀಮೆಎಣ್ಣೆಯ ಡಬ್ಬಿ ಬಡಿಯುತ್ತ ಎರಡೂ ಹೊಲ ಕಾದರು. ನಾನು ರಜೆಗೆ ಹೋದಾಗ ಕಾಗದಗಳನ್ನು ಮೊದಲಿನಂತೆಯೇ ನನ್ನ ಮುಂದೆ ಇಟ್ಟು ಓದು ಅನ್ನುತ್ತಿದ್ದರು. ನಾನು ಆ ದಿನದ ಮಾತು ತೆಗೆದರೆ ಎದ್ದು ಎತ್ತಿಗೆ ಮೇವು ಹಾಕಲು ಹೋಗುತ್ತಿದ್ದರು. ಅರವತ್ತರ ದಶಕ ಮುಗಿಯುತ್ತಿದ್ದಾಗ, ರಾಶಿಯ ದಿನಗಳಲ್ಲಿ, ಎರಡು ದಿನದ ಜ್ವರದಲ್ಲಿ ಹೋಗಿಬಿಟ್ಟರು. ತಂತಿ ಮುಟ್ಟಿ ನಾನು ಹೋಗುವಷ್ಟರಲ್ಲಿ ಮಣ್ಣು ಆಗಿತ್ತು.

ಮೂರನೆಯ ದಿನ ಕಾಕು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡಳು. ನಿನ್ನ ಮೇಲೆ ಅವರಿಗೆ ಎಷ್ಟು ಅಭಿಮಾನ ಇತ್ತು ಎಂದು ನಿನಗೆ ಗೊತ್ತಿಲ್ಲ ಎಂದು ಕಣ್ಣೊರೆಸಿಕೊಂಡು ಹೇಳತೊಡಗಿದಳು. ಆ ಕಾಗದ ಬಂದ ದಿನ ಊರಿನ ಸಾಲಿ ಮಾಸ್ತರರು ಅದನ್ನು ಓದಿ, ಇದು ನೀವು ತಿಳಿದ ಬಿಲ್ಲು ಇರಲಿಕ್ಕಿಲ್ಲ, ಪಾವತಿ ಕೇಳಿರಬೇಕು, ವಿಚಾರಿಸಿ ಹೋಗಿರಿ ಎಂದು ಎಚ್ಚರಿಸಿದ್ದರಂತೆ. ಕಾಕಾ ನಕ್ಕುಬಿಟ್ಟರಂತೆ.

"ಅಕ್ಷರ ನಮ್ಮ ಹುಡುಗಂದ ಐತ್ರಿ ಮಾಸ್ತರ, ಅಂದ್ರು. ಅಂವಗ ನನ್ನ ಬಿಲ್ಲ ಗೊತ್ತಿಲ್ಲೇನ್ರಿ? ಪಾವತಿ ಬೇಕಾಗಿದ್ರ ಅಂವ ಪಾವತಿ ಅಂತನ ಬರೀತಿದ್ದ, ಅಂದ್ರು."