ಮಡಿ ಗಳದ ಕೆಳಗಿಟ್ಟ ಡ್ರೈಯರ್

ಆಗ ನನಗೆ ಅರವತ್ತೆರಡು. ಈಗ್ಗೆ ಆರು ವರ್ಷದ ಮಾತು. ಬೈಲಹೊಂಗಲದಲ್ಲಿ ಕೃಷ್ಣಾಬಾಯಾರ ಮನೆಯ ಬಟ್ಟೆ ಒಗೆಯುತ್ತಿದ್ದೆ. ಮದುವೆಯಾಗಿ ದೊಡವಾಡದಿಂದ ಬಂದ ವರ್ಷ ಹಿಡಿದ ಮನೆ ಅದು.

ಆ ಶ್ರಾವಣದಲ್ಲಿ ಜಿಟಿಜಿಟಿ ಮಳೆ ಬಿಡಲೇ ಇಲ್ಲ. ಬಾಯಾರು ಮಡಿಯವರು. ಉಳಿದವರ ಬಟ್ಟೆ ನನ್ನ ಪಾಲು. ತಮ್ಮ ಸೀರೆಯನ್ನು ಅವರೇ ಒಗೆದು ಹಿಂಡಿ, ಕೋಲಿನಿಂದ ಎತ್ತಿ, ಎತ್ತರಕ್ಕೆ ಕಟ್ಟಿದ ಬಿದಿರಿನ ಗಳದ ಮೇಲೆ ಹಾಕುತ್ತಿದ್ದರು. ಅದನ್ನು ಬೇರೆ ಯಾರೂ ಮುಟ್ಟಬಾರದು. ಒಣಗದಿದ್ದರೆ ಹಸಿಯದನ್ನೇ ಉಟ್ಟು ಅಡುಗೆ, ಪೂಜೆ. ಮಡಿಯ ಉಣ್ಣೆ ಧಾಬಳಿ ಉಟ್ಟರೆ ಮೈಯೆಲ್ಲ ಗಂದೆ ಏಳುತ್ತಿತ್ತು. ಕೆಮ್ಮು ಎದೆಗೆ ಇಳಿಯಿತು. ಹೀಗೇ ಹಸಿ ಬಟ್ಟೆ ಉಟ್ಟರೆ ಜೀವಕ್ಕೆ ಅಪಾಯ ಎಂದು ಡಾಕ್ಟರು ಗದರಿದರು.

ಬಾಯಾರ ಸೊಸೆ ಸುಧಾ ಬಟ್ಟೆ ಒಣಗಿಸುವ ಡ್ರೈಯರ್ ನೋಡಿಬಂದಳು. ಎರಡು ಬಗೆಯಂತೆ. ಒಂದು, ಬಟ್ಟೆಯ ನೀರನ್ನು ತನ್ನೊಳಗಿನ ಡಬ್ಬಿಯಲ್ಲಿ ಕೂಡಿಸಿಕೊಳ್ಳುತ್ತದೆ. ಇನ್ನೊಂದು, ಬಿಸಿಗಾಳಿಯನ್ನು ದಪ್ಪ ಪೈಪಿನಿಂದ ಹೊರಗೆ ಊದುತ್ತದೆ.

"ಎಲ್ಲಾರ ಚಡ್ಡಿ ನೀರು ಮನ್ಯಾಗ ಕೂಡಿಸಿ ಇಡತೀಯೇನ? ಪೈಪಿಂದ ತಾ," ಎಂದರು ಬಾಯಾರು.

ಪೈಪಿನದೇ ಬಂತು. ಇಡುವುದೆಲ್ಲಿ? ಬಚ್ಚಲ ಪಕ್ಕದ ಯುಟಿಲಿಟಿ ಕೋಣೆಯಲ್ಲಿ ಕಿಟಕಿಯ ಕಡೆ ಮಡಿ ಗಳ, ಎದುರಿನ ಗೋಡೆಗೆ ನಾನು ಒಗೆಯುವ ಕಲ್ಲು. ಗಳದ ಕೆಳಗೇ ಇಟ್ಟರು. ಜೋಡಿಸಲು ಬಂದವನು ಪೈಪನ್ನು ಕಿಟಕಿಯಿಂದ ಹೊರಗೆ ಬಿಡಬೇಕೆಂದ. ಹೊರಗೆ ತುಳಸಿಕಟ್ಟೆ.

"ಬಿಸಿ ಗಾಳಿಗೆ ತುಳಸಿ ಬಾಡತದ. ಪೈಪ್ ಮ್ಯಾಲ ಹೊಳ್ಳಸು. ಗಳದ ಮ್ಯಾಲಿನ ಸೀರಿಗೆ ಬಡೀಲಿ. ಯಾರೂ ಮುಟ್ಟದ ಒಣಗತದ," ಎಂದರು ಬಾಯಾರು.

ಅವನು ಬೇಡವೆಂದ. ನಮಗೆಲ್ಲ ಅವರ ಮಾತೇ ಸರಿ ಕಂಡಿತು. ಮಷಿನ್ ಹಚ್ಚಿದೆವು. ಅದು ನಿಂತ ಮೇಲೆ ಕೋಣೆಯ ಬಾಗಿಲು ತೆಗೆದರೆ ಮುಖಕ್ಕೆ ಹಬೆ ಹೊಡೆಯಿತು. ಗೋಡೆ ಬೆವರಿತ್ತು. ಮಷಿನ್ನಿನೊಳಗಿದ್ದ ಪ್ಯಾಂಟುಗಳು ಗರಿಗರಿ. ಅವುಗಳ ನೀರೆಲ್ಲ ಹಬೆಯಾಗಿ ಬಂದು ಬಾಯಾರ ಸೀರೆಯಲ್ಲಿ ಕುಳಿತಿತ್ತು.

ಬಾಯಾರು ಕೆಮ್ಮುತ್ತಲೇ ಆ ಹಸಿ ಸೀರೆ ಇಳಿಸಲು ಕೋಲು ಎತ್ತಿದರು. ನಾನು ಕೋಲು ಹಿಡಿದೆ.

"ನೀವು ಸತ್ತರ ಈ ಸೀರಿ ಒಗ್ಯಾಕಿ ನಾನ ಅಲ್ಲೇನ್ರಿ? ಆವಾಗೂ ಕೋಲು ತೋರಸ್ತೀರೇನು?"

ಸುಧಾ ಗಾಬರಿಯಾದಳು. ಬಾಯಾರು ನಕ್ಕರು. ನಗು ಕೆಮ್ಮಾಯಿತು. ಕೆಮ್ಮು ನಿಂತ ಮೇಲೆ ಕೋಲು ಬಿಟ್ಟರು.

"ನಿನ್ನ ಬಾಯಿ ಸುಡ್ಲಿ, ಗಂಗವ್ವ. ಹಾಕು ಮಷಿನ್ ಒಳಗ. ದೇವರು ಸಿಟ್ಟಾದರ ನಿನ್ನ ಹೆಸರು ಹೇಳತೀನಿ."

"ಹೇಳ್ರಿ. ಮೊದಲ ನನ್ನ ಕಲ್ಲು ತಗಸ್ರಿ. ಮಷಿನ್ ಅಲ್ಲಿ ಇಡೂಣು."

ಕಲ್ಲು ಹಿತ್ತಲಿಗೆ ಹೋಯಿತು. ನನ್ನ ಎರಡೂ ಮೊಣಕಾಲಿನ ಗುರುತು ಅದು ಇದ್ದ ಜಾಗದ ಮುಂದೆ ನೆಲದಲ್ಲಿತ್ತು. ಕಲ್ಲಿದ್ದ ಜಾಗಕ್ಕೆ ಡ್ರೈಯರ್ ಸರಿಸಿ, ಪೈಪನ್ನು ಆ ಗೋಡೆಯ ಬೆಳಕಿಂಡಿಯಿಂದ ಓಣಿಗೆ ಬಿಟ್ಟರು. ಬಾಯಾರ ಸೀರೆಯೊಂದನ್ನೇ ಹಾಕಿ ತಿರುಗಿಸಿದೆ.

ಅವರ ಒಣ ಸೀರೆ ನನ್ನ ಕೈಗೆ ಬಂದದ್ದು ಅದೇ ಮೊದಲು. ಕೊಟ್ಟೆ. ಅವರು ಕೈಯಿಂದಲೇ ತೆಗೆದುಕೊಂಡು ಮೂಗಿಗೆ ಹಿಡಿದರು.

"ಬೆಚ್ಚಗದ. ಬಿಸಲಿನ ವಾಸನಿ ಇಲ್ಲ."

"ಮಷಿನ್ಯಾಗ ಬಿಸಲು ಎಲ್ಲಿಂದ ಬರಬೇಕ್ರಿ?"

ಅಂದೆನೇ ಹೊರತು ನನಗೂ ಬಿಸಿಲು ಬೀಳುವ ಮಾಳಿಗೆಯೇ ಕಣ್ಣ ಮುಂದೆ ಬಂತು. ಅವರಿಗೆ ಮೆಟ್ಟಿಲು ಹತ್ತಲು ಆಗುತ್ತಿದ್ದ ದಿನಗಳಲ್ಲಿ ಸೀರೆ ಅಲ್ಲಿ ತಂತಿಯ ಮೇಲೆ ಒಣಗುತ್ತಿತ್ತು. ಗಾಳಿಗೆ ಉಬ್ಬುತ್ತಿತ್ತು. ಅವರು ಆ ಬದಿ, ನಾನು ಈ ಬದಿ. ನಡುವೆ ಸೀರೆ. ಮುಖ ಕಾಣದಿದ್ದರೂ ಮಧ್ಯಾಹ್ನದವರೆಗೆ ಮಾತು. ಆ ಬಿಸಿಲು ಬೇಕೆನಿಸಿತು.

ಒಗೆಯುವ ಕೆಲಸ ನನಗೆ ಕಲಿಸಿದ್ದು ಇಷ್ಟೇ. ಬಟ್ಟೆಯಿಂದ ಹೋದ ನೀರು ಎಲ್ಲಿಯೋ ಇರುತ್ತದೆ. ಅದಕ್ಕೆ ಮನೆಯ ಹೊರಗೆ ದಾರಿ ಮಾಡಿಯೇ ಡ್ರೈಯರ್ ಇಡಬೇಕು.

ಮರುದಿನ ಬೆಳಿಗ್ಗೆ ಮೋಡ ಹಾಗೆಯೇ ಇತ್ತು. ಆದರೂ ನಾನು ಮಾಳಿಗೆ ಹತ್ತಿ, ಬಿಸಿಲು ಬಂದ ದಿನ ಬಾಯಾರ ಸೀರೆಗೆ ಇರಲಿ ಎಂದು ತಂತಿಯನ್ನು ಈ ತುದಿಯಿಂದ ಆ ತುದಿಯವರೆಗೆ ಒರೆಸಿ ಬಂದೆ.