ಉತ್ಸವದ ದೀಪಕ್ಕೆ ಅಜ್ಜಿ ಮನೆ ಬಿಟ್ಟ ದಿನ

ಹಂಪಿಯ ಗುಡಿ ಎದುರಿನ ಬಜಾರದ ಕಲ್ಲುಮಂಟಪಗಳಲ್ಲಿ ಆಗಿನ್ನೂ ಜನ ಸಂಸಾರ ಮಾಡುತ್ತಿದ್ದರು. ನಾವೂ ಅವರಲ್ಲಿದ್ದೆವು. ಎರಡು ಕಂಬಗಳ ನಡುವೆ ಇಟ್ಟಿಗೆ ಗೋಡೆ ಎಬ್ಬಿಸಿಕೊಂಡು ಹಿಂದೆ ಅಡುಗೆ, ಮುಂದೆ ಅವ್ವನ ಮಂಡಕ್ಕಿ ಒಗ್ಗಾಣಿ, ಮಿರ್ಚಿ ಅಂಗಡಿ. ಬೆಳಗಾದರೆ ಕಾದ ಎಣ್ಣೆಯ ವಾಸನೆ ಬೀದಿಗೆಲ್ಲ ಹರಡುತ್ತಿತ್ತು. ನೆಲದ ಕಲ್ಲಿನಲ್ಲಿ ಯಾವ ಕಾಲದವರೋ ಕೊರೆದಿಟ್ಟ ಚೌಕಾಬಾರದ ಮನೆಗಳಿದ್ದವು. ಮಧ್ಯಾಹ್ನ ನಾವು ಹುಡುಗಿಯರು ಹುಣಸೆಬೀಜ ಒಡೆದು ಅವನ್ನೇ ಕವಡೆ ಮಾಡಿಕೊಂಡು ಆಡುತ್ತಿದ್ದೆವು. ಪ್ರವಾಸಿಗಳು ನಿಂತು ನೋಡಿ ಫೋಟೋ ತೆಗೆದುಕೊಂಡು ಹೋಗುತ್ತಿದ್ದರು.

ನಾನು ಆರನೇ ಇಯತ್ತೆಯಲ್ಲಿದ್ದ ವರ್ಷ ಹಂಪಿ ಉತ್ಸವದ ಒಂದು ವೇದಿಕೆಯನ್ನು ನಮ್ಮ ಸಾಲಿನ ಮುಂದೆಯೇ ಕಟ್ಟುತ್ತಾರೆಂದು ಸುದ್ದಿ ಬಂತು. ಅರಸರ ಕಾಲದ ಬಜಾರವನ್ನು ನೃತ್ಯದಲ್ಲಿ ತೋರಿಸಲು ನಮ್ಮ ಶಾಲೆಯ ಹತ್ತು ಹುಡುಗಿಯರನ್ನು ಆರಿಸಿದರು. ನನ್ನದು ಮುತ್ತು ಮಾರುವವಳ ಪಾತ್ರ, ಮೊದಲ ಸಾಲಿನಲ್ಲಿ. ಹಸಿರು ಲಂಗ, ಕೈತುಂಬ ಗಾಜಿನ ಮಣಿ. ಅಷ್ಟು ಚಂದದ ಬಟ್ಟೆಯನ್ನು ನಾನು ಅದಕ್ಕೆ ಮೊದಲು ಮುಟ್ಟಿಯೂ ಇರಲಿಲ್ಲ. ಆಟ ಬಿಟ್ಟು ಇಡೀ ದಿನ ಕುಣಿತವೇ ಆಯಿತು.

ಅದೇ ವಾರ ಮೈಕು ಕಟ್ಟಿದ ಆಟೋ ಬೀದಿಯಲ್ಲಿ ಸುತ್ತಿತು. ಕಂಬಗಳ ನಡುವೆ ಬಣ್ಣದ ದೀಪ ಇಡುತ್ತಾರೆ, ಮೂರು ದಿನ ಸಾಮಾನು ಸಮೇತ ಎಲ್ಲರೂ ಜಾಗ ಖಾಲಿ ಮಾಡಬೇಕು ಎಂದು ಸಾರಿತು. ಅವ್ವ ಬಾಣಲೆ, ಹಾಸಿಗೆ ಗಂಟು ಕಟ್ಟಿದಳು. ಅಜ್ಜಿ ಮಾತ್ರ ಏಳಲಿಲ್ಲ. ಈ ಮಂಟಪಕ್ಕೆ ಸೊಸೆಯಾಗಿ ಬಂದವಳು ಆಕೆ. ಐದು ಮಕ್ಕಳನ್ನು ಹೆತ್ತಿದ್ದೂ ಅಲ್ಲೇ, ಎರಡನ್ನು ಕಳಕೊಂಡಿದ್ದೂ ಅಲ್ಲೇ. "ಅವ್ರು ದೀಪ ಹಚ್ಲಿ. ನಾನೇನು ಊದಿ ಆರ್ಸಲ್ಲ," ಎಂದಳು. ಅಪ್ಪ ಎಷ್ಟು ಹೇಳಿದರೂ ಕೇಳಲಿಲ್ಲ. ಕೊನೆಗೆ ಒಳಗಿನ ಕತ್ತಲಲ್ಲಿ, ಸೌದೆ ರಾಶಿಯ ಹಿಂದೆ ಆಕೆಗೊಂದು ಚಾಪೆ ಹಾಸಿದರು. ಯಾರಿಗೂ ಬಾಯಿ ಬಿಡಬ್ಯಾಡ ಎಂದು ಅವ್ವ ನನಗೆ ಮೂರು ಸಲ ಹೇಳಿದಳು.

ಉತ್ಸವದ ದಿನ ಮಧ್ಯಾಹ್ನ ಬಣ್ಣ ಬಳಿಸಿಕೊಂಡು ವೇದಿಕೆಯ ಪಕ್ಕ ಕೂತಿದ್ದೆವು. ತಪಾಸಣೆಗೆ ಬಂದ ಸಾಹೇಬರೊಬ್ಬರು ನಮ್ಮ ಟೀಚರ್ ಹತ್ತಿರ ಬಂದು, ಈ ಸಾಲು ಪೂರ್ತಿ ಖಾಲಿಯಾಗದಿದ್ದರೆ ಇಲ್ಲಿಯ ಕಾರ್ಯಕ್ರಮವನ್ನೇ ಕೈಬಿಡಬೇಕಾಗುತ್ತದೆ ಎಂದರು. ಟೀಚರ್ ಮುಖ ಸಪ್ಪಗಾಯಿತು. ಹುಡುಗಿಯರಲ್ಲಿ ಯಾರೋ, ಇವಳ ಮನೆ ಅದೇ ಸಾರ್ ಎಂದು ನನ್ನ ಕಡೆ ಕೈ ತೋರಿಸಿದರು. ಸಾಹೇಬರು ನನ್ನ ಮುಂದೆ ಮಂಡಿಯೂರಿ ಕೂತರು. ಗದರಲಿಲ್ಲ.

"ಒಳಗ ಯಾರರ ಅದಾರೇನವ್ವ?"

ನಾನು ಲಂಗದ ಜರಿ ನೋಡಿದೆ. ಆಮೇಲೆ ಹೇಳಿದೆ. "ಸೌದಿ ಹಿಂದ ಅಜ್ಜಿ ಅದಾಳ್ರಿ."

ಇಬ್ಬರು ಮಹಿಳಾ ಪೊಲೀಸರು ಅಜ್ಜಿಯ ರಟ್ಟೆ ಹಿಡಿದು ಕರೆತಂದರು. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಆಕೆ ಒಂದು ಕ್ಷಣ ನಿಂತಳು. ಕಾಲಲ್ಲಿ ಚಪ್ಪಲಿ ಇರಲಿಲ್ಲ. "ಕೈ ಬಿಡ್ರಿ, ನಡಿತೀನಿ. ಈ ಬೀದಿ ನನಗ ಗೊತ್ತದ," ಎಂದು ಮೆಲ್ಲಗೆ ಹೇಳಿದಳು. ನನ್ನ ಮುಂದೆಯೇ ಹಾದುಹೋದಳು. ಕಾಡಿಗೆ, ಮಣಿಸರ ಎಲ್ಲ ನೋಡಿದಳು. ಅಪ್ಪ ಆಕೆಯನ್ನು ಆಟೋದಲ್ಲಿ ಕೂರಿಸಿಕೊಂಡು ಕಂಪ್ಲಿಯಲ್ಲಿದ್ದ ನನ್ನ ಸೋದರತ್ತೆಯ ಮನೆಗೆ ಹೋದ.

ಸಂಜೆ ದೀಪ ಹತ್ತಿದವು. ಇಡೀ ಸಾಲು ಬಂಗಾರದ ಬಣ್ಣಕ್ಕೆ ತಿರುಗಿತು. ಹೊಗೆ ಹಿಡಿದ ನಮ್ಮ ಕಂಬಗಳು ಅಷ್ಟು ಚಂದ ಇವೆಯೆಂದು ನನಗೆ ಅವತ್ತೇ ತಿಳಿದದ್ದು. ಅರಸರ ಕಾಲದ ಬಜಾರ ಮತ್ತೆ ಜೀವ ತಳೆದಿದೆ ಎಂದು ಮೈಕಿನಲ್ಲಿ ಹೇಳಿದರು, ಜನ ಚಪ್ಪಾಳೆ ತಟ್ಟಿದರು. ನಿಜ ಹೇಳಬೇಕೆಂದರೆ ಆ ಹತ್ತು ನಿಮಿಷ ನನಗೆ ಅಜ್ಜಿಯ ನೆನಪೇ ಆಗಲಿಲ್ಲ. ಇಷ್ಟು ವರ್ಷದ ಮೇಲೂ ನನ್ನನ್ನು ಹೆಚ್ಚು ಕಾಡುವುದು ಅದೇ.

ಮೂರು ದಿನ ಕಳೆದು ಹಿಂದಿರುಗಿದಾಗ ದೀಪದ ವೈರು ಎಳೆಯಲು ಹಿಂದಿನ ಗೋಡೆ ಒಡೆದಿದ್ದರು, ಒಲೆ ಕುಸಿದಿತ್ತು. ಮತ್ತೆ ಕಟ್ಟಿಕೊಳ್ಳುವುದು ಬೇಡವೆಂದು ಮೇಲಿನ ಅಧಿಕಾರಿಗಳು ಬಂದು ಹೇಳಿ ಹೋದರು. ನಾವು ಸೀರೆ ಅಡ್ಡ ಕಟ್ಟಿಕೊಂಡು ಸ್ವಲ್ಪ ಕಾಲ ತಳ್ಳಿದೆವು. ಮುಂದಿನ ಮಳೆಗಾಲದ ಹೊತ್ತಿಗೆ ಇಡೀ ಬಜಾರದ ಸಂಸಾರಗಳನ್ನೆಲ್ಲ ಎಬ್ಬಿಸಿದರು. ಗೋಡೆ ಕೆಡವಲು ಯಂತ್ರ ಬಂತು.

ಅಜ್ಜಿ ಕಂಪ್ಲಿಯಿಂದ ತಿರುಗಿ ಬರಲೇ ಇಲ್ಲ. ರಜೆಯಲ್ಲಿ ಹೋದಾಗ ಒಮ್ಮೆ, ಊಟಕ್ಕೆ ಕೂತಲ್ಲಿ ಅತ್ತುಬಿಟ್ಟೆ. ನಾನೇ ಹೇಳಿದ್ದು ಅಜ್ಜಿ ಎಂದೆ. ಆಕೆ ರೊಟ್ಟಿ ಮುರಿದು ನನ್ನ ತಾಟಿಗೆ ಹಾಕಿದಳು.

"ಗೊತ್ತದ. ನೀ ಹೇಳ್ಲಿಲ್ಲಂದ್ರ ಇನ್ನೊಬ್ರು ಹೇಳ್ತಿದ್ರು. ಉಣ್ಣು."

ಬೈದಿದ್ದರೆ ಹಗುರಾಗುತ್ತಿದ್ದೆನೇನೋ. ಎರಡು ವರ್ಷಕ್ಕೆ ಆಕೆ ಹೋದಳು.

ಈಗ ನಾನು ಹೊಸಪೇಟೆಯಲ್ಲಿದ್ದೇನೆ. ಪ್ರತಿ ಉತ್ಸವಕ್ಕೂ ಫೋನಿಗೆ ಫೋಟೋಗಳು ಬರುತ್ತವೆ. ಹೋದ ವರ್ಷ ಮಗಳು ಹಟ ಮಾಡಿದಳೆಂದು ಕರೆದುಕೊಂಡು ಹೋದೆ. ಮಂಟಪಗಳು ತೊಳೆದಿಟ್ಟಂತೆ ಇದ್ದವು. ಹೊಗೆಯಿಲ್ಲ, ಎಣ್ಣೆಯ ವಾಸನೆಯಿಲ್ಲ, ಮಕ್ಕಳ ಗಲಾಟೆಯಿಲ್ಲ. ನಮ್ಮ ಅಡುಗೆಮನೆಯಿದ್ದ ಜಾಗದಲ್ಲಿ ನೇರಳೆ ಬಣ್ಣದ ದೀಪವೊಂದು ಉರಿಯುತ್ತಿತ್ತು. ಗೈಡೊಬ್ಬ ಅರಸರ ಕಾಲದಲ್ಲಿ ಇಲ್ಲಿದ್ದ ವ್ಯಾಪಾರಿಗಳ ಕಥೆ ಹೇಳುತ್ತಿದ್ದ. ಆಮೇಲೆ ಯಾರಿದ್ರು ಎಂದು ಮಗಳು ನನ್ನ ಕೇಳಿದಳು.

"ನಾವಿದ್ವಿ," ಎಂದೆ.

ಅವಳು ನಕ್ಕಳು, ನಂಬಲಿಲ್ಲ. ಬಾ ಎಂದು ಒಳಗೆ ಕರೆದೊಯ್ದು ಕಂಬದಿಂದ ಕಂಬಕ್ಕೆ ಕೈಯಾಡಿಸಿ ಹುಡುಕಿದೆ. ನಾವಿದ್ದುದಕ್ಕೆ ಮಗುವಿಗೆ ತೋರಿಸಲು ಅಲ್ಲೊಂದು ಮೊಳೆ ಹೊಡೆದ ಗುರುತೂ ಉಳಿದಿರಲಿಲ್ಲ.